ಮನೆಯಲ್ಲಿ ಉಳಿಯುವುದು, ಮನೆಯಲ್ಲಿ ಬಿದ್ದಿರುವುದು

(ಚೆನ್ನೈಯ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಕೇಳಿಬರುವ ವಿಷಯಗಳು ಭಾಷೆ, ಸಾಹಿತ್ಯ, ಗಡಿ ಮತ್ತು ನದಿ ನೀರು. ಇಂದು ನಾನು ಆರಿಸಿಕೊಂಡಿರುವ ವಿಷಯ ಅವುಗಳಷ್ಟು ಘನವಾದುದೆಂದು ಮೊದಲ ನೋಟಕ್ಕೆ ತೋರದಿರಬಹುದು. ವೃದ್ಧರಿಗೆ, ದೀರ್ಘ ಕಾಯಿಲೆಯವರಿಗೆ ಮನೆಯ ಬಾಗಿಲಿಗೇ ಆರೈಕೆಯನ್ನು ಒಯ್ಯುವ ವ್ಯವಸ್ಥೆಗಳು ಈಗ ಹಲವು ಕಡೆ ತಲೆಯೆತ್ತಿವೆ. ಅವು ಮನುಷ್ಯನನ್ನು ಅವನ ಮನೆಯಲ್ಲಿ ನಿಜವಾಗಿ ಉಳಿಸುತ್ತಿವೆಯೆ? ಉಳಿಸುತ್ತಿವೆ ಎನ್ನುವುದಾದರೆ ಅದನ್ನು ಅಳೆಯುವ ಬಗೆ ಯಾವುದು? ಇದೇ ಇಂದಿನ ಪ್ರಶ್ನೆ.

ನಾನು ವೈದ್ಯನಲ್ಲ. ಬಂದರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆದು ನಿವೃತ್ತನಾದವನು. ನಿವೃತ್ತಿಯ ಬಳಿಕ, ಕಾಸಿಮೇಡಿನಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿಬರುವ ಗೆಳೆಯರ ಸಣ್ಣ ಗುಂಪೊಂದಕ್ಕೆ ದಾಖಲೆ ಬರೆದುಕೊಡುತ್ತಿದ್ದೇನೆ. ಆದ್ದರಿಂದ ನನ್ನದು ಲೆಕ್ಕಿಗನ ಮಾತು. ಯಾವುದನ್ನು ಎಣಿಸಬೇಕು, ಯಾವುದನ್ನು ಎಣಿಸಿದರೆ ಸುಳ್ಳು ಸಮಾಧಾನ ಹುಟ್ಟುತ್ತದೆ ಎಂಬುದಷ್ಟೆ ನನ್ನ ಅಧಿಕಾರವ್ಯಾಪ್ತಿ.

ಕಾಸಿಮೇಡು ಎಂದರೆ ನಮ್ಮಲ್ಲಿ ಹಲವರಿಗೆ ಮೀನು ಕೊಳ್ಳುವ ಸ್ಥಳ, ಇನ್ನು ಹಲವರಿಗೆ ಮೂಗು ಮುಚ್ಚಿಕೊಂಡು ದಾಟುವ ಸ್ಥಳ. ರಾಯಪುರದ ಕಡಲಂಚಿನ ಈ ಮೀನುಗಾರರ ನೆಲೆಯಲ್ಲಿ 1984ರಲ್ಲಿ ಮೀನುಗಾರಿಕಾ ಬಂದರು ತೆರೆಯಿತು. ನಸುಕಿಗೆ ಮುಂಚೆಯೇ ಇಲ್ಲಿ ದೋಣಿಗಳಿಂದ ಮೀನು ಇಳಿದು ಹರಾಜಾಗುತ್ತದೆ. ಗಂಡಸರು ಕಡಲಿನಲ್ಲಿರುತ್ತಾರೆ, ಮೀನು ಮಾರುವ ಹೆಂಗಸರು ಬುಟ್ಟಿಯೊಡನೆ ಹರಾಜಿನ ಕಟ್ಟೆಯಲ್ಲಿರುತ್ತಾರೆ. ಹಾಸಿಗೆ ಹಿಡಿದವರಿಗೆ ಅತ್ಯಂತ ಕಷ್ಟದ ಹೊತ್ತು ಅದೇ: ಎಚ್ಚರವಾಗುವ, ಶೌಚಕ್ಕೆ ಹೋಗಬೇಕಾದ, ಬಾಯಿ ಒಣಗಿರುವ ಹೊತ್ತು. ಆ ಹೊತ್ತಿನಲ್ಲಿಯೇ ಮನೆ ಬರಿದಾಗಿರುತ್ತದೆ.

ಇಲ್ಲಿ ಮನೆ ಎಂಬುದೂ ಸ್ಥಿರವಾದ ವಸ್ತುವಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಅನಂತರ ಉತ್ತರ ಚೆನ್ನೈಯ ಕಡಲಂಚಿನ ಅನೇಕ ಕುಟುಂಬಗಳು ತಿರುವೊತ್ತಿಯೂರಿನ ಕಾರ್ಗಿಲ್ ನಗರದ ತಾತ್ಕಾಲಿಕ ಸೂರುಗಳಿಗೂ, ಮುಂದೆ ದೂರದ ಬಹುಮಹಡಿ ವಸತಿಗಳಿಗೂ ಹೋದುವು. ಉಳಿದವರಲ್ಲಿ ಎಷ್ಟೋ ಮಂದಿ ಇರುವುದು ಲಿಫ್ಟ್ ಇಲ್ಲದ ಹಳೆಯ ವಸತಿ ಕಟ್ಟಡಗಳಲ್ಲಿ. ಕಡಲಿನ ಮಕ್ಕಳು ಕಡಲಿನ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿದ್ದೂ ಮೆಟ್ಟಿಲ ಕಾರಣದಿಂದ ಕಡಲನ್ನು ಕಾಣದೆ ವರ್ಷ ಕಳೆಯುವುದುಂಟು.

ಅಂಥ ಒಂದೇ ಕಟ್ಟಡದ ಎರಡು ಮನೆಗಳನ್ನು ನಿಮ್ಮ ಮುಂದಿಡುತ್ತೇನೆ. ನೆಲಮಹಡಿಯ ಮನೆಯಲ್ಲಿ ಪಾರ್ಶ್ವವಾಯು ಬಡಿದ ಹಿರಿಯ ಮೀನುಗಾರರೊಬ್ಬರಿದ್ದರು. ಅವರನ್ನು ಮಗ್ಗುಲು ಬದಲಿಸುವುದು, ಎಬ್ಬಿಸಿ ಕೂರಿಸುವುದು ಹೇಗೆಂಬುದನ್ನು ದಾದಿಯೊಬ್ಬರು ಸೊಸೆಗೂ ಮಗನಿಗೂ ಕಲಿಸಿಕೊಟ್ಟರು. ಗೋಡೆಗೆ ಒಂದು ಹಗ್ಗ ಬಿಗಿದರು. ಸಂಜೆಯ ಹೊತ್ತಿಗೆ ಆ ಹಿರಿಯರು ಹಗ್ಗ ಹಿಡಿದು ಬಾಗಿಲವರೆಗೆ ಬಂದು, ಬಲೆ ದುರಸ್ತಿ ಮಾಡುವವರ ಪಕ್ಕದಲ್ಲಿ ಕುಳಿತು, ಒಂದೇ ಕೈಯಲ್ಲಿ ಬಲೆಯ ಅಂಚು ಹಿಡಿದುಕೊಡುತ್ತಿದ್ದರು. ತಪ್ಪು ಗಂಟು ಹಾಕಿದ ಹುಡುಗರನ್ನು ಬೈಯುತ್ತಿದ್ದರು. ಮೂರನೆಯ ಮಹಡಿಯ ಮನೆಯಲ್ಲಿ ಸೊಂಟದ ಮೂಳೆ ಮುರಿದ ಮೀನು ಮಾರುವ ಅಜ್ಜಿ ಇದ್ದರು. ಅವರ ಹಾಸಿಗೆ ಶುಭ್ರವಾಗಿತ್ತು, ರಕ್ತದೊತ್ತಡ ಹತೋಟಿಯಲ್ಲಿತ್ತು, ಹಾಸಿಗೆ ಹುಣ್ಣು ಒಂದೂ ಇರಲಿಲ್ಲ. ಆದರೆ ಅವರು ಹೊಸ್ತಿಲು ದಾಟಿ ವರ್ಷ ಕಳೆದಿತ್ತು. ಅಷ್ಟು ಚೊಕ್ಕಟವಾಗಿ ನೋಡಿಕೊಳ್ಳುತ್ತಿದ್ದವಳು ಮೊಮ್ಮಗಳು. ಅವಳು ಶಾಲೆ ಬಿಟ್ಟಿದ್ದಳು.

ಭೇಟಿಯ ಪುಸ್ತಕದಲ್ಲಿ ಈ ಎರಡು ಮನೆಗಳ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸವೇ ಇಲ್ಲ. ಅಷ್ಟೇ ಭೇಟಿ, ಅಷ್ಟೇ ಔಷಧಿ. ಇಬ್ಬರೂ ವರ್ಷವಿಡೀ ಮನೆಯಲ್ಲಿಯೇ ಇದ್ದವರು. ಇಬ್ಬರದೂ ಯಶಸ್ಸೇ! ಆದರೆ ಒಬ್ಬರು ಮನೆಯಲ್ಲಿ ಉಳಿದರು. ಇನ್ನೊಬ್ಬರು ಮನೆಯಲ್ಲಿ ಬಿದ್ದಿದ್ದರು. ಇವೆರಡನ್ನು ಬೇರ್ಪಡಿಸಲಾರದ ಅಳತೆ ಅಳತೆಯೇ ಅಲ್ಲ ಎಂಬುದು ನನ್ನ ವಾದ.

ಈಗ ಸರ್ಕಾರಿ ಪ್ರಯತ್ನಗಳನ್ನು ನೋಡೋಣ. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ಆರಂಭಿಸಿತು. ಜನರನ್ನು ಅರಸಿ ಹೋಗುವ ವೈದ್ಯ ಎಂದು ಅದರ ಅರ್ಥ. ಆರಂಭವಾದದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಗಡಿನಾಡಿನಲ್ಲಿ ಎಂಬುದು ನಮಗೆ ಗಮನಾರ್ಹ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಔಷಧಿಗಳನ್ನು ಮಹಿಳಾ ಸ್ವಯಂಸೇವಕಿಯರು ಮನೆಗೇ ತಲುಪಿಸುವುದು, ಉಪಶಾಮಕ ಶುಶ್ರೂಷೆ, ಅಂಗಸಾಧನೆಯ ಚಿಕಿತ್ಸೆ, ಮೂತ್ರಪಿಂಡ ಸೋತವರಿಗೆ ಮನೆಯಲ್ಲಿಯೇ ಡಯಾಲಿಸಿಸ್ ಮಾಡಿಕೊಳ್ಳಲು ಬೇಕಾದ ಚೀಲಗಳು, ಇವೆಲ್ಲ ಅದರಲ್ಲಿ ಸೇರಿದುವು. 2024ರಲ್ಲಿ ವಿಶ್ವಸಂಸ್ಥೆಯ ಅಂತರಸಂಸ್ಥಾ ಕಾರ್ಯಪಡೆಯ ಪ್ರಶಸ್ತಿ ಇದಕ್ಕೆ ಸಂದಿತು. ಕರ್ನಾಟಕ ಸರ್ಕಾರವೂ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿ ಮನೆಮನೆಯ ತಪಾಸಣೆಗೆ ಕೈಹಾಕಿತು. ಇವು ಸ್ವಾಗತಾರ್ಹ ಕಾರ್ಯಗಳು. ಬಸ್ಸು ಹತ್ತಿ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾಗಿದ್ದ ಮುದುಕಿಗೆ ಮಾತ್ರೆ ಬಾಗಿಲಿಗೆ ಬಂದರೆ ಅದರ ಬೆಲೆಯನ್ನು ನಾವು ಹಗುರವಾಗಿ ಕಾಣಬಾರದು.

ಆದರೆ ಇಂಥ ಯೋಜನೆಗಳ ಯಶಸ್ಸನ್ನು ಸಾರ್ವಜನಿಕರಿಗೆ ಹೇಳುವ ರೀತಿ ಯಾವುದು? ಫಲಾನುಭವಿಗಳ ಸಂಖ್ಯೆ. 2022ರ ಡಿಸೆಂಬರಿನಲ್ಲಿ ತಿರುಚ್ಚಿ ಜಿಲ್ಲೆಯಲ್ಲಿ ಒಂದು ಕೋಟಿಯ ಫಲಾನುಭವಿಗೆ ಮುಖ್ಯಮಂತ್ರಿಗಳೇ ಔಷಧಿಯ ಪೆಟ್ಟಿಗೆ ನೀಡಿದರು. ಒಂದು ಕೋಟಿ ದೊಡ್ಡ ಸಂಖ್ಯೆಯೇ. ಆದರೆ ಅದು ಎಷ್ಟು ಬಾಗಿಲು ತಟ್ಟಲಾಯಿತು ಎಂಬುದರ ಲೆಕ್ಕ. ಬಾಗಿಲ ಹಿಂದೆ ಏನು ಬದಲಾಯಿತು ಎಂಬುದರ ಲೆಕ್ಕವಲ್ಲ. ಔಷಧಿ ಪಡೆದವರಲ್ಲಿ ಎಷ್ಟು ಮಂದಿಯ ರಕ್ತದೊತ್ತಡ 140/90ರ ಕೆಳಗೆ ನಿಂತಿತು ಎಂದು ಕೇಳುವುದು ಅದಕ್ಕಿಂತ ಒಂದು ಮೆಟ್ಟಿಲು ಮೇಲು. ಹಾಗೆ ನಿಂತದ್ದರಿಂದ ಪಾರ್ಶ್ವವಾಯು ತಪ್ಪಿ ಮನುಷ್ಯ ತನ್ನ ಕಾಲಮೇಲೆ ತನ್ನ ಮನೆಯಲ್ಲಿ ಓಡಾಡಿಕೊಂಡಿದ್ದಾನೆಯೆ ಎಂದು ಕೇಳುವುದು ಇನ್ನೂ ಒಂದು ಮೆಟ್ಟಿಲು ಮೇಲು.

ಪಶ್ಚಿಮದ ದೇಶಗಳು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡುವು. 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಹತ್ತು ಸ್ಥಳಗಳಲ್ಲಿ 'ಚಾನಲಿಂಗ್' ಎಂಬ ಹೆಸರಿನ ದೊಡ್ಡ ಪ್ರಯೋಗ ನಡೆಯಿತು. ದುರ್ಬಲ ವೃದ್ಧರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲಿ ಹೆಚ್ಚಿನ ಆರೈಕೆ ಒದಗಿಸಿದರು. ಹೀಗೆ ಮಾಡಿದರೆ ವೃದ್ಧಾಲಯ ಸೇರುವವರು ಕಡಿಮೆಯಾಗುತ್ತಾರೆ, ಸರ್ಕಾರದ ವೆಚ್ಚ ಇಳಿಯುತ್ತದೆ ಎಂಬುದು ನಿರೀಕ್ಷೆ. ಫಲಿತಾಂಶ ಬೇರೆಯಾಯಿತು. ವೃದ್ಧಾಲಯ ಸೇರುವವರ ಸಂಖ್ಯೆ ಹೆಚ್ಚೇನೂ ಇಳಿಯಲಿಲ್ಲ, ವೆಚ್ಚ ಏರಿತು. ಕಾರಣ ಸರಳ: ಹೆಚ್ಚಿನ ಆರೈಕೆ ಇಲ್ಲದಿದ್ದರೂ ಅವರಲ್ಲಿ ಬಹುಮಂದಿ ವೃದ್ಧಾಲಯ ಸೇರುವವರೇ ಆಗಿರಲಿಲ್ಲ. ಆದರೆ ವೃದ್ಧರ ಬೇಡಿಕೆಗಳು ಹೆಚ್ಚು ಈಡೇರಿದುವು, ಅವರಿಗೂ ಮನೆಯವರಿಗೂ ಬದುಕು ಹೆಚ್ಚು ತೃಪ್ತಿಕರವೆನಿಸಿತು.

ಈ ಪಾಠ ಕಾಸಿಮೇಡಿಗೆ ಇನ್ನೂ ಬಲವಾಗಿ ಅನ್ವಯಿಸುತ್ತದೆ. ಅಲ್ಲಿನ ಮೀನುಗಾರನಿಗೆ ಸೇರಲು ವೃದ್ಧಾಲಯವೇ ಇಲ್ಲ. ಆರೈಕೆ ಇರಲಿ, ಇಲ್ಲದಿರಲಿ, ಅವನು ಇರುವುದು ಮನೆಯಲ್ಲಿಯೇ. ಬೇರೆಲ್ಲಿಗೂ ಹೋಗಲಿಲ್ಲ ಎಂಬುದನ್ನೇ ಗೆಲುವು ಎಂದು ಬರೆದುಕೊಂಡರೆ ನಾವು ಬಡತನಕ್ಕೆ ಅಂಕ ಕೊಟ್ಟಂತೆ ಆಗುತ್ತದೆ. ಇನ್ನೊಂದು ಅಪಾಯವೂ ಇದೆ. ಮನೆಯಲ್ಲಿದ್ದ ದಿನಗಳಿಗೆ ಮಾತ್ರ ಬಹುಮಾನ ಕಟ್ಟಿದರೆ, ಆಸ್ಪತ್ರೆಗೆ ಹೋಗಲೇಬೇಕಾದವನನ್ನೂ ಲೆಕ್ಕ ಕೆಡದಿರಲೆಂದು ಮನೆಯಲ್ಲಿ ಹಿಡಿದಿಡುವವರು ಹುಟ್ಟಿಕೊಳ್ಳುತ್ತಾರೆ. ತಕ್ಕ ಕಾಲದಲ್ಲಿ ಆಸ್ಪತ್ರೆಗೆ ಹೋಗಿ ಗುಣವಾಗಿ ಬಂದದ್ದು ಮನೆ ಆರೈಕೆಯ ಸೋಲಲ್ಲ.

ಹಾಗಾದರೆ ನಮಗೆ ಹೊಂದುವ ಮಾದರಿ ಎಲ್ಲಿದೆ? ಬೆಂಗಳೂರಿನಲ್ಲಿಯೇ ಇದೆ ಎಂದರೆ ನಿಮಗೆ ಅಚ್ಚರಿಯಾದೀತು. ನಿಮ್ಹಾನ್ಸ್ ಸಂಸ್ಥೆಯಲ್ಲಿ ಎಸ್. ಪೈ ಮತ್ತು ಆರ್. ಎಲ್. ಕಪೂರ್ ಅವರು ಸ್ಕಿಜೋಫ್ರೇನಿಯ ರೋಗಿಗಳ ಬಗ್ಗೆ ಮಾಡಿದ ಕೆಲಸ ಅದು. ಈ ಕಪೂರರು ಹಿಂದೆ ಕಾರ್‌ಸ್ಟೇರ್ಸ್ ಅವರೊಡನೆ ಅಂದಿನ ದಕ್ಷಿಣ ಕನ್ನಡದ ಕೋಟದಲ್ಲಿ ಜನರ ಮನೋಸ್ವಾಸ್ಥ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಗ್ರಂಥ ಹೊರತಂದವರು. ಪೈ ಮತ್ತು ಕಪೂರ್ 1981ರಲ್ಲಿ 'ಕುಟುಂಬದ ಹೊರೆ'ಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಮನೆಯ ಹಣಕಾಸು, ದಿನನಿತ್ಯದ ಕೆಲಸಕಾರ್ಯ, ವಿಶ್ರಾಂತಿ ವಿನೋದ, ಮನೆಯವರ ಪರಸ್ಪರ ಸಂಬಂಧ, ಇತರರ ದೇಹಾರೋಗ್ಯ, ಇತರರ ಮನೋಸ್ವಾಸ್ಥ್ಯ ಎಂಬ ಆರು ಬಗೆಯಲ್ಲಿ ಆ ಹೊರೆಯನ್ನು ವಿಂಗಡಿಸಿದರು. 1983ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆಗೆ ಸೇರಿಸಿದ ಗುಂಪನ್ನೂ, ದಾದಿ ಮನೆಗೆ ಹೋಗಿ ನೋಡಿಕೊಂಡ ಗುಂಪನ್ನೂ ಹೋಲಿಸಿದರು. ಮನೆ ಆರೈಕೆ ಪಡೆದವರ ಸ್ಥಿತಿ ಮೇಲಾಯಿತು, ವ್ಯವಹಾರ ಶಕ್ತಿ ಮೇಲಾಯಿತು, ಕುಟುಂಬದ ಹೊರೆ ಇಳಿಯಿತು, ವೆಚ್ಚವೂ ಕಡಿಮೆಯಾಯಿತು. 1985ರಲ್ಲಿ ಪೈ, ಚನ್ನಬಸವಣ್ಣ, ನಾಗರಾಜಯ್ಯ, ರಘುರಾಂ ಅವರು ದೀರ್ಘಕಾಲದ ಮನೋರೋಗಿಗಳು ಪದೇಪದೇ ಆಸ್ಪತ್ರೆ ಸೇರುವುದನ್ನು ಮನೆ ಆರೈಕೆಯಿಂದ ತಡೆಯುವ ಪ್ರಯೋಗವನ್ನು ವರದಿ ಮಾಡಿದರು.

ಈ ವಿದ್ವಾಂಸರು ಮಾಡಿದ ದೊಡ್ಡ ಕೆಲಸವೆಂದರೆ, ರೋಗಿಯೊಬ್ಬನನ್ನೇ ಅಳೆಯದೆ ಅವನನ್ನು ಹೊತ್ತ ಮನೆಯನ್ನೂ ಅಳೆದದ್ದು. ಮೂರನೆಯ ಮಹಡಿಯ ಆ ಮೊಮ್ಮಗಳು ಬೇರೆ ಯಾವ ಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹೊರೆಯ ಕಲಮಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ನಮ್ಮ ಗುಂಪಿನ ಪುಸ್ತಕಕ್ಕೆ ಈ ಕಲಂ ಸೇರಿದ ಬಳಿಕ ಕಣ್ಣಿಗೆ ಬಿದ್ದ ಸಂಗತಿಗಳು ಹಲವು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಗಂಡಸರು ಮನೆಯಲ್ಲಿರುವುದರಿಂದ ಎತ್ತಿ ಕೂರಿಸಲು ಕೈಗಳಿರುತ್ತವೆ, ಕೈಯಲ್ಲಿ ಕಾಸಿರುವುದಿಲ್ಲ. ನಿಷೇಧ ಮುಗಿದೊಡನೆ ಕಾಸು ಬರುತ್ತದೆ, ಕೈಗಳು ಕಡಲಿಗೆ ಹೋಗುತ್ತವೆ. ಆರೈಕೆಗೂ ಋತುವುಂಟು. ಮೇ ತಿಂಗಳಲ್ಲಿ ಮಾತ್ರ ಅಳೆದವನೂ ಆಗಸ್ಟಿನಲ್ಲಿ ಮಾತ್ರ ಅಳೆದವನೂ ಎರಡು ಬೇರೆ ಕಾಸಿಮೇಡುಗಳನ್ನು ಕಾಣುತ್ತಾರೆ.

ಹೊರೆ ಎಂಬುದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ನಮ್ಮವರೇ ಆದ ಕಾಸರಗೋಡಿನ ಕನ್ನಡಿಗರು ಬಲ್ಲರು. ಸರ್ಕಾರಿ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಕಥೆ ನಿಮಗೆ ತಿಳಿದದ್ದೇ. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಎಣ್ಮಕಜೆಯಂಥ ಊರುಗಳಲ್ಲಿ ಅಂದು ಮಕ್ಕಳಾಗಿದ್ದವರು ಇಂದು ಪ್ರಾಯಸ್ಥರು. ಅವರನ್ನು ಎತ್ತಿ ಮೀಯಿಸುತ್ತಿದ್ದ ತಾಯಂದಿರಿಗೆ ಮುಪ್ಪು ಬರುತ್ತಿದೆ. ಅಲ್ಲಿ 'ಮನೆಯಲ್ಲಿ ಉಳಿಯುವುದು' ಎಂದರೆ ತಾಯಿಯ ತೋಳಿನ ಬಲ ಇರುವವರೆಗೆ ಉಳಿಯುವುದು. ತಾಯಿಯ ಆರೋಗ್ಯವನ್ನು ಅಳೆಯದ ಯೋಜನೆ ಮಗನ ನಾಳೆಯನ್ನು ಅಳೆದಂತಾಗದು.

ಬಂಧುಗಳೆ, ಇಷ್ಟು ಹೊತ್ತು ಪರರ ಮನೆಗಳ ಮಾತಾಯಿತು. ಕಾಸಿಮೇಡಿನ ಬಾಗಿಲುಗಳು ತೆರೆದಿರುವುದರಿಂದ ಅಲ್ಲಿನ ಕಷ್ಟ ಬೀದಿಗೆ ಕಾಣುತ್ತದೆ. ನಮ್ಮ ಫ್ಲ್ಯಾಟುಗಳ ಬಾಗಿಲು ಮುಚ್ಚಿರುತ್ತದೆ. 2011ರ ಜನಗಣತಿಯಲ್ಲಿ ದೇಶದ ಜನರಲ್ಲಿ 60 ದಾಟಿದವರು ಶೇಕಡ 8.6 ಇದ್ದರೆ, ತಮಿಳುನಾಡಿನಲ್ಲಿ ಶೇಕಡ 10.4 ಇದ್ದರು. ಉಡುಪಿ ಹೋಟೆಲುಗಳಿಗೆ, ಬ್ಯಾಂಕುಗಳಿಗೆ, ರೈಲ್ವೆಗೆ, ಬಂದರಿಗೆ ಎಂದು ಮದರಾಸಿಗೆ ಬಂದ ನಮ್ಮ ತಲೆಮಾರು ಈಗ ಆ ಎಣಿಕೆಯೊಳಗೆ ಬಂದಿದೆ. ನಮ್ಮಲ್ಲಿ ಮೂರು ತಿಂಗಳು ಚೆನ್ನೈ, ಮೂರು ತಿಂಗಳು ಬೆಂಗಳೂರು, ಮೂರು ತಿಂಗಳು ಪುಣೆ ಎಂದು ಮಕ್ಕಳ ಮನೆಗಳಲ್ಲಿ ಪಾಳಿಯ ಮೇಲೆ ಇರುವ ಹಿರಿಯರೆಷ್ಟು ಮಂದಿ! ಅವರ ದಿನಗಳನ್ನು ಮನೆಯಲ್ಲಿ ಕಳೆದ ದಿನಗಳೆಂದು ಬರೆಯಬೇಕೆ? ಯಾರ ಮನೆ? ಊರಿನ ಮನೆ ಮಾರಿಯಾಗಿದೆ. ಇಲ್ಲಿಯದು ಮಗನ ಮನೆ. ಯಾವುದನ್ನು ಮನೆ ಎನ್ನಬೇಕೆಂದು ಆ ಹಿರಿಯರನ್ನೇ ಕೇಳಿದವರು ವಿರಳ.

ಕೇಳುವುದಾದರೂ ಯಾವ ಭಾಷೆಯಲ್ಲಿ? ನಮ್ಮ ಸಂಘಕ್ಕೂ ಈ ವಿಷಯಕ್ಕೂ ಇರುವ ನಂಟು ಇಲ್ಲಿದೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರೆಂದು ಲೆಕ್ಕಕ್ಕೆ ಬಂದವರು, ಬಡಗ ನುಡಿಯವರೂ ಸೇರಿ, ಸುಮಾರು 12.8 ಲಕ್ಷ. ದೇಶದಲ್ಲಿ 60 ದಾಟಿದವರಲ್ಲಿ ಶೇಕಡ 7.4ರಷ್ಟು ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಆ ಕಾಯಿಲೆ ಮುಂದುವರಿದಾಗ, ಬೆಳೆದ ಮೇಲೆ ಕಲಿತ ಭಾಷೆ ಜಾರಿಹೋಗಿ ಬಾಲ್ಯದ ಭಾಷೆ ಉಳಿದುಕೊಳ್ಳುವುದನ್ನು ಹಲವರಲ್ಲಿ ಕಾಣುತ್ತೇವೆ. ನಾನು ಬಲ್ಲ ಒಂದು ಮನೆಯಲ್ಲಿ ಧಾರವಾಡ ಸೀಮೆಯ ವೃದ್ಧೆಯೊಬ್ಬರಿದ್ದರು. ನಲವತ್ತು ವರ್ಷ ಸೊಗಸಾಗಿ ತಮಿಳು ಆಡಿದವರು. ಕೊನೆಕೊನೆಗೆ ಅವರಲ್ಲಿ ಉಳಿದದ್ದು ತವರಿನ ಮಾತು ಮಾತ್ರ. "ತ್ರಾಸ ಆಗಾಕತ್ತೈತಿ" ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆರೈಕೆಗೆಂದು ಬರುತ್ತಿದ್ದ ಹುಡುಗಿ ತನ್ನ ದಿನಚರಿಯಲ್ಲಿ 'ಅರ್ಥವಿಲ್ಲದ ಮಾತು' ಎಂದು ಬರೆದಿದ್ದಳು. ಹುಡುಗಿ ಒಳ್ಳೆಯವಳು, ಕೆಲಸದಲ್ಲಿ ಶ್ರದ್ಧೆಯುಳ್ಳವಳು. ಆದರೆ ಒಂದು ನೋವಿನ ದೂರು ಅವಳ ಪುಸ್ತಕದಲ್ಲಿ ಬುದ್ಧಿಭ್ರಮೆಯ ಲಕ್ಷಣವಾಯಿತು. ಭಾಷೆ ತಪ್ಪಿದರೆ ಅಳತೆಯೂ ತಪ್ಪುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಶಾಲೆಗಳ, ಪಠ್ಯಪುಸ್ತಕಗಳ ಬಗ್ಗೆ ಮನವಿ ಬರೆದಿದ್ದೇವೆ. ಹಾಸಿಗೆಯ ಪಕ್ಕದಲ್ಲಿಯೂ ಆ ಹಕ್ಕು ಇರಬೇಕಾದದ್ದು ನ್ಯಾಯ.

ಆದ್ದರಿಂದ ಸಂಘದ ಮುಂದೆ ನಾನು ಒಂದು ಪುಸ್ತಕದ ಪ್ರಸ್ತಾಪವನ್ನು ಇಡುತ್ತೇನೆ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ಐದು ಕಲಮಿನ ಒಂದು ಉದ್ದನೆಯ ನೋಟು ಪುಸ್ತಕ ಸಾಕು.

ಮೊದಲನೆಯ ಕಲಂ: ತಿಂಗಳ ಮೂವತ್ತು ದಿನಗಳಲ್ಲಿ ಆ ವ್ಯಕ್ತಿ ತಾನು ಮನೆಯೆಂದು ಕರೆಯುವ ಜಾಗದಲ್ಲಿ ಎಷ್ಟು ದಿನ ಇದ್ದರು, ಇಲ್ಲದ ದಿನಗಳಿಗೆ ಕಾರಣವೇನು.

ಎರಡನೆಯದು: ತಾವೇ ಮಾಡಿಕೊಂಡ ಕೆಲಸಗಳು. ಅಮೆರಿಕದ ವೈದ್ಯ ಸಿಡ್ನಿ ಕಟ್ಜ್ 1963ರಲ್ಲಿಯೇ ಆರು ಸರಳ ಪ್ರಶ್ನೆಗಳನ್ನು ಕೊಟ್ಟಿದ್ದಾರೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹತೋಟಿ, ಊಟ. ಈ ಆರರಲ್ಲಿ ಎಷ್ಟು ಸ್ವಂತ, ಎಷ್ಟು ಪರಾಧೀನ ಎಂದು ಯಾರು ಬೇಕಾದರೂ ಬರೆಯಬಹುದು.

ಮೂರನೆಯದು ಹೊಸ್ತಿಲು. ಆ ತಿಂಗಳಲ್ಲಿ ಎಷ್ಟು ಸಲ ಹೊಸ್ತಿಲು ದಾಟಿದರು, ಎಷ್ಟು ಮಂದಿ ಅವರನ್ನು ಕಾಣಲು ಹೊಸ್ತಿಲು ದಾಟಿ ಬಂದರು. ಈ ಕಲಂ ಯಾವ ಗ್ರಂಥದಿಂದಲೂ ಬಂದದ್ದಲ್ಲ, ಕಾಸಿಮೇಡಿನ ಮೆಟ್ಟಿಲುಗಳಿಂದ ಬಂದದ್ದು.

ನಾಲ್ಕನೆಯದು ಹೊರೆ. ನೋಡಿಕೊಳ್ಳುತ್ತಿರುವವರು ಯಾರು? ಆ ತಿಂಗಳು ಅವರು ನಿದ್ದೆ, ದುಡಿಮೆ, ಓದು, ಆರೋಗ್ಯ ಇವುಗಳಲ್ಲಿ ಏನನ್ನು ಕಳೆದುಕೊಂಡರು? ಈ ಉತ್ತರವನ್ನು ರೋಗಿಯ ಮುಂದೆ ಕೇಳಬಾರದು. ಅಡಿಗೆಮನೆಯಲ್ಲಿ ನಿಂತು ಕೇಳಬೇಕು.

ಐದನೆಯದು ಇಚ್ಛೆ. "ಇಲ್ಲಿಯೇ ಇರಬೇಕೆನ್ನಿಸುತ್ತದೆಯೆ?" ಎಂದು ಅವರವರ ಕನ್ನಡದಲ್ಲಿ, ಮಂಗಳೂರಿನವರಿಗೆ ಆ ಕನ್ನಡದಲ್ಲಿ, ಬಿಜಾಪುರದವರಿಗೆ ಆ ಕನ್ನಡದಲ್ಲಿ ಕೇಳಿ, ಅವರು ಹೇಳಿದ ಮಾತನ್ನು ತಿದ್ದದೆ ಬರೆಯುವುದು.

ಪುಸ್ತಕ ಬರೆದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮೂರನೆಯ ಕಲಮಿನಲ್ಲಿ ಸೊನ್ನೆ ಕಂಡ ಮನೆಗೆ ಒಂದು ಕುರ್ಚಿ ಮತ್ತು ಇಬ್ಬರು ಗಟ್ಟಿಮುಟ್ಟಾದ ಯುವಕರು ಹೋಗಬಹುದು. ಕಾಸಿಮೇಡಿನ ಅಜ್ಜಿಯನ್ನು ಹಾಗೆಯೇ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಲಾಯಿತು. ನೆರೆಯ ಹೆಂಗಸರು ಸರದಿಯ ಮೇಲೆ ಬೆಳಗಿನ ಹೊತ್ತು ನೋಡಿಕೊಳ್ಳಲು ಒಪ್ಪಿದ ಮೇಲೆ ಮೊಮ್ಮಗಳು ಮರಳಿ ಶಾಲೆಯ ಮೆಟ್ಟಿಲು ಹತ್ತಿದಳು. ನಾಲ್ಕನೆಯ ಕಲಂ ಭಾರವಾದ ಮನೆಯ ಸೊಸೆಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಕೊಡಲು ನಮ್ಮಲ್ಲಿ ಒಬ್ಬರು ಅಲ್ಲಿ ಹೋಗಿ ಕೂರಬಹುದು. ಸರ್ಕಾರದ ಸ್ವಯಂಸೇವಕಿಯೊಡನೆ ಕನ್ನಡ ಬಲ್ಲ ಒಬ್ಬರು ಜೊತೆಗೆ ಹೋದರೆ ಐದನೆಯ ಕಲಂ ಸರ್ಕಾರಿ ದಾಖಲೆಗೂ ತಲುಪಬಹುದು.

ನಮ್ಮ ವಾರ್ಷಿಕ ವರದಿಗಳನ್ನು ತೆಗೆದು ನೋಡಿ. ಎಷ್ಟು ನಾಟಕ, ಎಷ್ಟು ಉಪನ್ಯಾಸ, ರಾಜ್ಯೋತ್ಸವಕ್ಕೆ ಎಷ್ಟು ಜನ ಎಂದು ಅಲ್ಲಿ ಬರೆದಿದೆ. ನಾವೂ ಭೇಟಿಗಳನ್ನೇ ಎಣಿಸುವವರು! ಸಭೆಗೆ ಬಂದವರ ಲೆಕ್ಕ ನಮ್ಮಲ್ಲಿದೆ, ಬರುವುದನ್ನು ನಿಲ್ಲಿಸಿದವರ ಲೆಕ್ಕವಿಲ್ಲ. ಸದಸ್ಯರ ಪಟ್ಟಿಯನ್ನು ಕೈಗೆತ್ತಿಕೊಂಡು, ಕಳೆದ ಎರಡು ವರ್ಷಗಳಿಂದ ಈ ಸಭಾಂಗಣದಲ್ಲಿ ಕಾಣಿಸಿಕೊಳ್ಳದ ಹಿರಿಯರ ಹೆಸರುಗಳಿಗೆ ಗುರುತು ಹಾಕುವ ಕೆಲಸವನ್ನು ಕಾರ್ಯಕಾರಿ ಸಮಿತಿ ಈ ತಿಂಗಳೊಳಗೆ ಮಾಡಬೇಕೆಂದು ವಿನಂತಿಸುತ್ತೇನೆ. ಗುರುತು ಬಿದ್ದ ಪ್ರತಿಯೊಂದು ಹೆಸರಿನ ಬಾಗಿಲಿಗೂ ಇಬ್ಬರು ಹೋಗಲಿ, ಕೈಯಲ್ಲಿ ಆ ನೋಟು ಪುಸ್ತಕವಿರಲಿ. ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.